ರವಿವಾರದ ವಿಮಾನ

"ಹಲೋ, ಬೆಳಗಾವಿ? ವಿಮಾನ ನಿಲ್ದಾಣ ಏನ್ರಿ? ನಾ ವಿಜಾಪುರದಿಂದ ಫೌಜದಾರ ಅಂಬಾದಾಸ ಮಾತಾಡಾಕತ್ತೇನಿ!"

ಗಾಂಧಿ ಚೌಕದ ಹತ್ತಿರದ ತಾರು ಕಚೇರಿಯಲ್ಲಿ ಕೂತಿದ್ದವರೆಲ್ಲ ಕತ್ತು ತಿರುಗಿಸಿದರು. ಆ ದನಿಗೆ ತಂತಿಯ ಅಗತ್ಯವೇ ಇರಲಿಲ್ಲ. ಕಿಟಕಿ ತೆರೆದಿದ್ದರೆ ಬೆಳಗಾವಿಗೆ ಹಾಗೆಯೇ ಕೇಳಿಸುತ್ತಿತ್ತು.

"ಸಾಹೇಬ್ರ, ಇದು ಗೋಳಗುಮ್ಮಟ ಅಲ್ರಿ," ಎಂದಳು ಟೆಲಿಫೋನ್ ಬೋರ್ಡಿನ ಮುಂದೆ ಕೂತಿದ್ದ ಗುಲಶನ. "ಸಾವಕಾಶ ಮಾತಾಡ್ರಿ. ಮೂರ ಮಿನಿಟ ಅಷ್ಟ ಐತಿ ನಿಮಗ."

ಅಂಬಾದಾಸ ದನಿ ತಗ್ಗಿಸಲಿಲ್ಲ. ಕೈಯಲ್ಲಿ ಪೆನ್ಸಿಲ್, ತೊಡೆಯ ಮೇಲೆ ನೋಟ್ ಬುಕ್ಕು.

"ಮುಂಬೈಯಿಂದ ನಿಮ್ಮ ವಿಮಾನ ಎಷ್ಟಕ್ಕ ಬಿಡತೈತ್ರಿ?"

"ಹನ್ನೊಂದೂವರಿಗೆ," ಎಂದಿತು ದೂರದ ದನಿ.

"ನಿಮ್ಮಲ್ಲೆ ಇಳಿಯೂದು?"

"ಒಂದೂವರಿಗೆ. ಎರಡ ತಾಸಿನ ದಾರಿ. ಗಾಳಿ ಎದುರಾದ್ರ ಮ್ಯಾಲೆ ಹತ್ತ ಮಿನಿಟ."

"ದೂರ ಎಷ್ಟಾತ್ರಿ?"

"ನೆಟ್ಟಗ ಹಾರಿದ್ರ ಎರಡನೂರಾ ಅರವತ್ತ ಮೈಲು. ರೈಲಿನಂಗ ಸುತ್ತಿ ಬರೂದಿಲ್ರಿ ನಾವು." ಆ ಗುಮಾಸ್ತನ ಮಾತಿನಲ್ಲಿ ಸ್ವಲ್ಪ ಜಂಬವಿತ್ತು. ಇರಬೇಕಾದದ್ದೇ.

ಅಂಬಾದಾಸ ಬರೆದುಕೊಂಡ. ಒಂದೂವರೆಗೆ ಬೆಳಗಾವಿ. ಅಲ್ಲಿಂದ ತಿಕೋಟಾಕ್ಕೆ ನೂರಾ ಇಪ್ಪತ್ತು ಮೈಲು. ಎಂಥ ಮೋಟಾರು ತಂದರೂ ಆ ರಸ್ತೆಯಲ್ಲಿ ಐದು ತಾಸು ಬೇಕು. ಅಂದರೆ ಸಂಜೆ ಆರೂವರೆ. ಆದರೆ ಮುಂಬೈಯಿಂದ ವಿಮಾನದಲ್ಲಿ ಬಂದೆ ಎಂದಿದ್ದ ಗುರಲಿಂಗಪ್ಪ ಅಂದು ನಾಲ್ಕು ಗಂಟೆಗೆ ತಿಕೋಟಾದ ಹೊಲದಲ್ಲಿ ನಿಂತು ಸತ್ತ ದೊಡ್ಡಪ್ಪನಿಗೆ ಮೂರು ಹಿಡಿ ಮಣ್ಣು ಹಾಕಿದ್ದನ್ನು ಇಡೀ ಊರು ನೋಡಿತ್ತು.

ಎರಡೂವರೆ ತಾಸು ಎಲ್ಲಿಗೆ ಹೋಯಿತು?

"ಸಾಹೇಬ್ರ, ಟೈಮ್ ಆತ್ರಿ," ಎಂದಳು ಗುಲಶನ.

"ಯಾವತ್ತಿನ ವಿಮಾನದ್ದ ಕೇಳಾಕತ್ತೀರಿ ನೀವು?" ಬೆಳಗಾವಿಯವನೂ ಅದೇ ಹೊತ್ತಿಗೆ ಕೇಳಿದ.

"ರವಿವಾರದ್ದು. ಹೋದ ರವಿವಾರ ಅಲ್ಲ, ಅದರ ಹಿಂದಿಂದು."

"ರವಿವಾರ? ರವಿವಾರ ನಮ್ಮಲ್ಲೆ ವಿಮಾನನ ಬರೂದಿಲ್ರಿ. ಸೋಮವಾರ, ಬುಧವಾರ, ಶುಕ್ರವಾರ. ಮೂರ ದಿನಾ ಅಷ್ಟ."

ತಂತಿ ಕಡಿದುಹೋಯಿತು. ಅಂಬಾದಾಸ ಆ ಕರಿಯ ಕೊಳವೆಯನ್ನು ಕಿವಿಗೆ ಹಿಡಿದೇ ಇದ್ದ. ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ. ಈ ಸುಳ್ಳಿಗೆ ರೆಕ್ಕೆಯೂ ಇರಲಿಲ್ಲ.

ತಿಕೋಟಾದ ಸಾವಕಾರ ಬಸಗೊಂಡಪ್ಪ ಶನಿವಾರ ರಾತ್ರಿ ಹಾಲು ಕುಡಿದು ಮಲಗಿದವನು ಮತ್ತೆ ಏಳದೆ ಇಂದಿಗೆ ಹನ್ನೊಂದು ದಿನ, ಆ ಹಾಲು ಕಾಸಿದ ಆಳು ರಾಯಪ್ಪ ಲಾಕಪ್ಪಿನಲ್ಲಿ ತುಟಿ ಬಿಚ್ಚದೆ ಕೂತು ಎಂಟು ದಿನ.

ಸಾವಕಾರನ ಹೆಂಡತಿ ನೀಲಾಬಾಯಿಯೇ ಅರ್ಜಿ ಕೊಟ್ಟವಳು. ಗಂಡನ ಉಗುರು ನೀಲಿಯಾಗಿದ್ದವು ಎಂದಳು. ಹೆಣ ತೆಗೆಸಿ ನೋಡಿದರೆ ಹೊಟ್ಟೆಯಲ್ಲಿ ವಿಷ. ರಾಯಪ್ಪನ ಕೈಗೆ ಬೇಡಿ ಹಾಕಿದವನು ಅಂಬಾದಾಸನೇ. ಎರಡನೇ ದಿನ ಸಿಟ್ಟು ನೆತ್ತಿಗೇರಿ ಅವನ ಕೆನ್ನೆಗೆ ಒಂದು ಬಿಟ್ಟಿದ್ದ ಕೂಡ. ರಾಯಪ್ಪ ಕೆನ್ನೆ ಮುಟ್ಟಿಕೊಳ್ಳಲಿಲ್ಲ, ಅಳಲಿಲ್ಲ. ಹೊಡೆದವನಿಗೇ ಅಂದು ಊಟ ಸೇರಲಿಲ್ಲ. ಇಪ್ಪತ್ತು ವರ್ಷ ಅದೇ ಮನೆಯ ಉಪ್ಪು ತಿಂದವನು, ಹಣ ಕದ್ದಿಲ್ಲ, ಓಡಿಹೋಗಿಲ್ಲ, ಯಾತಕ್ಕೆ ವಿಷ ಹಾಕುತ್ತಾನೆ? ಈ ಪ್ರಶ್ನೆ ಅಂಬಾದಾಸನ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ ಎಂಟು ದಿನದಿಂದ ಕಾಡುತ್ತಿತ್ತು.

ನಾಳೆ ಶುಕ್ರವಾರ ಹನ್ನೊಂದಕ್ಕೆ ಚಾರ್ಜ್‌ಶೀಟು. ಅದರ ಕೆಳಗೆ ಬೀಳಬೇಕಾದ ಸಹಿ ಅಂಬಾದಾಸನದು. ಬಿತ್ತೆಂದರೆ ರಾಯಪ್ಪನ ಕೊರಳಿಗೆ ಹಗ್ಗ ಅಷ್ಟು ಹತ್ತಿರ.

ಅವನು ಜೇಬಿನಿಂದ ತಾರಿನ ಕಾಗದ ತೆಗೆದ. ಸತ್ತವನ ಕೋಟಿನಲ್ಲಿ ಸಿಕ್ಕಿದ್ದು. ಶನಿವಾರ ಮಧ್ಯಾಹ್ನ ಮುಂಬೈಯಿಂದ ಹೊರಟು, ಸಂಜೆಯೊಳಗೆ ಬಸಗೊಂಡಪ್ಪನ ಹೆಸರಿಗೇ ಮುಟ್ಟಿದ್ದು. ಇಂಗ್ಲಿಷ್ ಅಕ್ಷರ, ಐದೇ ಮಾತು, ಕೆಳಗೆ ಗುರಲಿಂಗಪ್ಪ: "ವಿಮಾನ್ ಸಂಡೇ. ಆಲ್ ರೆಡಿ ಕೀಪ್." ರವಿವಾರ ವಿಮಾನ, ಎಲ್ಲ ತಯಾರಿ ಇರಲಿ.

ಮೈಸೂರು ಕಡೆಯಿಂದ ಬಂದ ಡಿ.ಎಸ್.ಪಿ. ಸಾಹೇಬರು ಇದನ್ನು ಓದಿ ಕೈ ಝಾಡಿಸಿದ್ದರು. "ಅಂಗೈ ಹುಣ್ಣಿಗೆ ಕನ್ನಡಿ ಯಾಕ್ರೀ? ತಮ್ಮನ ಮಗ ಶನಿವಾರ ಮುಂಬೈನಲ್ಲಿದ್ದ, ಭಾನುವಾರ ವಿಮಾನದಲ್ಲಿ ಬಂದ. ಅವನ ಸುದ್ದಿ ಬಿಡಿ. ಆಳನ್ನ ಕೋರ್ಟಿಗೆ ಹಾಕಿ."

ಗುರಲಿಂಗಪ್ಪನೂ ಅದನ್ನೇ ಹೇಳಿದ್ದ. ಕೇಳುವ ಮೊದಲೇ ಹೇಳಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಆ ಜಾತಿ.

ಶನಿವಾರ ರಾತ್ರಿಯ ರೈಲು ಹತ್ತಿ ಸೋಲಾಪುರದ ಮೇಲೆ ಬಂದಿದ್ದರೆ ನಾಲ್ಕಕ್ಕೆ ತಿಕೋಟಾ ಮುಟ್ಟಬಹುದಿತ್ತು. ಹಾಗೇ ಬಂದಿರಬೇಕು. ಹಾಗಾದರೆ ರೈಲು ಎಂದು ಹೇಳಲು ಏನು ಧಾಡಿ? ರೈಲಿನಲ್ಲಿ ಬರುವುದು ಯಾವ ಕಾಯಿದೆಯಲ್ಲೂ ಗುನ್ಹೆ ಅಲ್ಲ. ವಿಮಾನ ಎಂಬ ಒಂದು ಮಾತಿಗೆ ಅರ್ಥ ಕೊಡಲಿಕ್ಕೆ ಮನುಷ್ಯ ಇಷ್ಟು ದೊಡ್ಡ ಸುಳ್ಳು ಹೇಳಿದ್ದ.

ಅಂಬಾದಾಸ ಠಾಣೆಗೆ ಬಂದಾಗ ರಾಯಪ್ಪನ ಹೆಂಡತಿ ಪರಸವ್ವ ರೊಟ್ಟಿಯ ಗಂಟು ಹಿಡಿದು ಬೇವಿನ ಗಿಡದ ಕೆಳಗೆ ಕೂತಿದ್ದಳು. ಅವನನ್ನು ಕಂಡು ಎದ್ದಳು.

"ನಾಳಿಗಿ ಕೋರ್ಟಿಗಿ ಒಯ್ತೀರಂತ. ಖರೇ ಏನ್ರಿ ಯಪ್ಪಾ?"

ಅವನು ಟೊಪ್ಪಿಗೆ ತೆಗೆದು ನೆರಳಿಗೆ ಬಂದ.

"ಪರಸವ್ವಾ, ಒಂದ ಮಾತ ಕೇಳತೇನಿ. ಆ ಶನಿವಾರ ಸಾವಕಾರ್ರ ಮನ್ಯಾಗ ಯಾರರೆ ವಿಮಾನದ ಸುದ್ದಿ ತಗದಿದ್ರೇನು? ಗುರಲಿಂಗಪ್ಪ ವಿಮಾನದಾಗ ಬರತಾನಂತ?"

"ಅವ್ರು ಬರೂದು ನನಗ ಗೊತ್ತಿಲ್ರಿ. ಆದ್ರ ವಿಮಾನದ್ದು ಶನಿವಾರ ಸಂಜೀಕನ ಸುರು ಆಗಿತ್ತಲ್ರಿ. ಬಿದಿರ ಬಂದಿದ್ವು."

"ಬಿದಿರಾ?"

"ಹೌದ್ರಿ. ಹತ್ತ ಗಳಾ. ನನ್ನ ಗಂಡನ ಒಯ್ದ ಊರ ಜಂಗಮರು ಬಸಲಿಂಗಯ್ಯನವರ ಹಿತ್ತಲದಾಗ ಬಂಡಿಯಿಂದ ಇಳಿಸಿದಾ."

"ವಿಮಾನಕ್ಕ ಬಿದಿರ ಯಾಕ ಬೇ?"

ಪರಸವ್ವ ಅವನ ಮುಖ ನೋಡಿದಳು. ಫೌಜದಾರನಿಗೆ ಬಿಸಿಲು ಬಡಿದಿದೆಯೋ ಎಂಬ ಅನುಮಾನ ಆಕೆಗೆ.

"ಬಿದಿರ ಇಲ್ದ ವಿಮಾನ ಹೆಂಗ ಕಟ್ಟತಾರ್ರಿ? ಲಿಂಗಾಯತರ ಮನ್ಯಾಗ ಹೆಣಾ ಕುಂಡ್ರಿಸಿ, ಹೂವ ಹಾಕಿ, ಹೊತಗೊಂಡ ಒಯ್ಯತಾರಲ್ಲ, ಆ ವಿಮಾನ್ರಿ ಯಪ್ಪಾ! ನಮ್ಮಂಗ ಚಟ್ಟದ ಮ್ಯಾಲೆ ಮಲಗಸತಾರೇನು ಅವ್ರು?"

ಅಂಬಾದಾಸ ಬೇವಿನ ಗಿಡಕ್ಕೆ ಕೈ ಊರಿದ.

ಗೊತ್ತಿದ್ದ ಮಾತೇ. ಸಣ್ಣವನಿದ್ದಾಗ ತಮ್ಮ ಓಣಿಯ ತುದಿಯಲ್ಲಿ ನಿಂತು, ಅದಕ್ಕಿಂತ ಮುಂದೆ ಹೋಗುವ ಹಾಗಿರಲಿಲ್ಲ, ಆ ವಿಮಾನಗಳು ಹೋಗುವುದನ್ನು ಎಷ್ಟು ಸಲ ನೋಡಿರಲಿಲ್ಲ! ಬಾಳೆಕಂಬ, ಹೂವಿನ ಸರ, ನಡುವೆ ಕಣ್ಣು ಮುಚ್ಚಿ ಕೂತ ಹೆಣ. ಅದೇ ಮಾತು ಇಂಗ್ಲಿಷ್ ಅಕ್ಷರ ಹೊದ್ದು ಮುಂಬೈಯಿಂದ ಬಂದ ಕೂಡಲೇ ಸ್ವಂತ ಊರಿನ ಮಾತು ಅವನಿಗೆ ಗುರುತು ಸಿಗಲಿಲ್ಲ. ಸಾಹೇಬರು ಆಕಾಶ ತೋರಿಸಿದರು, ಇವನೂ ಆಕಾಶ ನೋಡಿದ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

"ಶನಿವಾರ ಊರಾಗ ಯಾರ ಸತ್ತಿದ್ರು?"

"ಯಾರೂ ಇಲ್ರಿ."

"ಸಾವಕಾರ್ರು?"

"ಸಂಜೀಕ ಕಟ್ಟೀ ಮ್ಯಾಲ ಕುಂತು ಎಲಿ ಅಡಕಿ ತಿನ್ನಾಕತ್ತಿದ್ರಿ. ನಾ ಕಣ್ಣಾರೆ ಕಂಡೇನಿ."

ನಾಚಿಕೆ ಇಳಿದು ಅದರ ಜಾಗದಲ್ಲಿ ಹೆದರಿಕೆ ಬಂತು. ಎಲೆ ಅಡಿಕೆ ಜಗಿಯುತ್ತ ಕೂತ ಮನುಷ್ಯನ ಊರಲ್ಲಿ, ನಾಳೆಯ ಹೆಣಕ್ಕೆ ಇಂದೇ ಬಿದಿರು ಇಳಿಯುತ್ತಿತ್ತು.

ಜೀಪು ತಿಕೋಟಾದ ದಾರಿ ಹಿಡಿಯಿತು. ಹನ್ನೆರಡು ಮೈಲು. ದಾರಿಯುದ್ದಕ್ಕೂ ಅಂಬಾದಾಸನ ತಲೆಯಲ್ಲಿ ಒಂದೇ ಗಂಟು. ದೊಡ್ಡಪ್ಪನನ್ನು ಮುಗಿಸಲು ಗುರಲಿಂಗಪ್ಪ ಹೊಂಚು ಹಾಕಿದ, ವಿಮಾನಕ್ಕೂ ಹೇಳಿಟ್ಟ, ಸರಿ. ಆದರೆ ತಾರು ಬಂದದ್ದು ದೊಡ್ಡಪ್ಪನ ಹೆಸರಿಗೇ! ನಾಳೆ ನಿನ್ನನ್ನು ಹೊರುತ್ತೇವೆ, ತಯಾರಿ ಮಾಡಿಕೋ ಎಂದು ಸಾಯುವವನಿಗೇ ಯಾವ ಹುಚ್ಚ ತಾರು ಕಳಿಸುತ್ತಾನೆ?

ಬಸಲಿಂಗಯ್ಯನವರು ಊರ ಮಂದಿಗೆ ಲಗ್ನವನ್ನೂ ಮಾಡಿಸಿದವರು, ಮಣ್ಣನ್ನೂ ಮಾಡಿಸಿದವರು. ವಯಸ್ಸು ಎಪ್ಪತ್ತರ ಹತ್ತಿರ. ಪಡಸಾಲೆಯಲ್ಲಿ ಕಂಬಳಿ ಹಾಸಿಕೊಂಡು ಪತ್ರೆ ಆರಿಸುತ್ತಿದ್ದರು. ಖಾಕಿ ಕಂಡು ಕೈ ನಿಂತಿತು.

"ಬರ್ರಿ ಫೌಜದಾರ್ರ. ಅಲ್ಲೆ ಕಟ್ಟೀ ಮ್ಯಾಲೆ ಕುಂಡ್ರ್ರಿ."

ಕಟ್ಟೆಯ ಮೇಲೆ, ಕಂಬಳಿಯ ಮೇಲಲ್ಲ. ಅಂಬಾದಾಸನಿಗೆ ಇದು ಹೊಸದಲ್ಲ. ಆತ ನಿಂತೇ ಇದ್ದ.

"ಅಯ್ಯನವರ, ಆ ಶನಿವಾರ ನಿಮ್ಮ ಹಿತ್ತಲಕ್ಕ ಹತ್ತ ಬಿದಿರ ಬಂದ್ವು. ಯಾತಕ್ಕ?"

"ಬಿದಿರೇನ್ರಿ... ಮನೀ ಮುಂದ ಚಪ್ಪರಕ್ಕ ತರಿಸಿದ್ದೆ."

"ಚಪ್ಪರ ಎಲ್ಲೈತಿ?"

ಮುದುಕರು ಅಂಗಳ ನೋಡಿದರು. ಅಂಗಳದಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ.

ಅಂಬಾದಾಸ ತಾರಿನ ಕಾಗದ ಬಿಚ್ಚಿ ಗಟ್ಟಿಯಾಗಿ ಓದಿದ, ಕನ್ನಡ ಮಾಡಿಯೂ ಹೇಳಿದ.

"ನಮ್ಮ ಸಾಹೇಬ್ರು ಇದು ಆಕಾಶದಾಗ ಹಾರೂ ವಿಮಾನ ಅಂದ್ರು. ನಾನೂ ಹೌದಂದೆ. ಇವತ್ತ ಬೆಳಗಾವಿಗಿ ಕೇಳಿದೆ. ಮುಂಬೈಯಿಂದ ಎರಡನೂರಾ ಅರವತ್ತ ಮೈಲು, ಎರಡ ತಾಸು, ಎಲ್ಲಾ ಲೆಕ್ಕ ಹೇಳಿದ್ರು. ಆದ್ರ ರವಿವಾರ ಅದು ಹಾರೂದ ಇಲ್ಲಂತ. ಹಂಗಾರ ಇದು ನಿಮ್ಮ ವಿಮಾನನ ಇರಬೇಕಲ್ರಿ, ಅಯ್ಯನವರ?"

ಬಸಲಿಂಗಯ್ಯ ಪತ್ರೆಯ ಬುಟ್ಟಿಯನ್ನು ಬದಿಗೆ ಸರಿಸಿದರು.

"ಜೀವಂತ ಇದ್ದಾವಗ ವಿಮಾನ ಕಟ್ಟಸಾಕ ನಿಮಗ ಯಾರ ಹೇಳಿದ್ರು? ಗುರಲಿಂಗಪ್ಪನ ಮಂದಿ ಬಂದಿದ್ರೇನು?"

"ಇಲ್ರಿ."

"ಮತ್ಯಾರು? ನೋಡ್ರಿ, ಒಂದ ಬಡ ಜೀವ ನಾಳೆ ಕೋರ್ಟ್ ಹತ್ತೂದೈತಿ. ನೀವು ದಿನಾ ಲಿಂಗಕ್ಕ ನೀರ ಹಾಕೂ ಕೈ. ಆ ಕೈಲೆ ಅವನ ಕೊರಳಿಗಿ ಹಗ್ಗಾ ಹಾಕಬ್ಯಾಡ್ರಿ."

ಮುದುಕರು ಕೊರಳ ಲಿಂಗವನ್ನು ಮುಟ್ಟಿಕೊಂಡರು. ಆಮೇಲೆ ನೆಲ ನೋಡುತ್ತ ಹೇಳಿದರು:

"ಸಾವಕಾರ್ರ ಹೇಳಿದ್ರಿ. ಬಸಗೊಂಡಪ್ಪ ಸಾವಕಾರ್ರು. ಆ ತಾರ ಕೈಯಾಗ ಹಿಡಕೊಂಡ ಬಂದಿದ್ರು."

"ತಮ್ಮ ವಿಮಾನ ತಾವ ಹೇಳಿದ್ರಾ?"

"ಸಾವಕಾರ್ರಿಗಿ ಅಂತ ನಾ ಎಲ್ಲೆ ಅಂದೆ?" ಬಸಲಿಂಗಯ್ಯ ತಲೆ ಎತ್ತಿದರು. ಕಣ್ಣು ಒದ್ದೆಯಾಗಿದ್ದವು. "ಹಸರ ಸೀರಿ, ಹಸರ ಬಳಿ, ಅರಿಷಿಣ ಕುಂಕುಮ, ಉಡಿ ತುಂಬಾಕ ಅಕ್ಕಿ. ಇಷ್ಟ ತರಿಸಿ ಇಡ್ರಿ ಅಂದ್ರು. ಮುತ್ತೈದಿ ವಿಮಾನ್ರಿ ಅದು."

ಅಂಬಾದಾಸನ ಕೈಯಲ್ಲಿ ಕಾಗದ ಹಾಗೇ ನಿಂತಿತು.

"ನೀಲಾಬಾಯಿಗಿ?"

"ಆಕಿ ಎರಡ ತಿಂಗಳಾತು ಹಾಸಿಗಿ ಹಿಡದ. 'ಅಯ್ಯನವರ, ಇವತ್ತಿನ ರಾತ್ರಿ ಆಕಿ ದಾಟೂದಿಲ್ಲ, ಮುತ್ತೈದಿ ಸಾವು ಬರಾಕತ್ತೈತಿ, ಛಲೋತಂಗ ಮಾಡೂಣು, ಗುರಲಿಂಗನೂ ಹೊಂಟ ಬರತಾನ' ಅಂದ್ರು. ನಾ ನಂಬಿದೆ. ಗಂಡನ ಬಾಯಿಲೆ ಬಂದ ಮಾತು, ಹೆಂಗ ನಂಬಬಾರದ್ರಿ? ಮುಂಜಾನಿ ಕರಿ ಬಂತು. ಹೋಗಿ ನೋಡಿದ್ರ ಆಕಿ ಗ್ವಾಡಿಗಿ ಆತು ಕುಂತಾಳ. ಸಾವಕಾರ್ರು ತಣ್ಣಗಾಗ್ಯಾರ."

"ಆಮ್ಯಾಲೆ?"

"ಆಮ್ಯಾಲೇನ್ರಿ? ಹಸರ ಸೀರಿ ಬಿಚ್ಚಿ ಮುಚ್ಚಿಟ್ಟೆ. ಅದ ವಿಮಾನಕ್ಕ ಬಿಳೀ ಧೋತರ ಸುತ್ತಿದೆ. ಹೇಳಿದ್ರ ನನ್ನೂ ಹಿಡಕೊಂಡ ಹೋಗ್ತೀರಂತ ಅಂಜಿದೆ. ಹನ್ನೊಂದ ದಿನಾ ಆತು, ಪೂಜಿಗಿ ಕುಂತ್ರ ಅದ ಹಸರ ಸೀರಿ ಕಣ್ಣಿಗಿ ಬರತೈತಿ."

ಅಂಬಾದಾಸನ ತಲೆಯೊಳಗಿನ ಗಂಟು ಒಂದೊಂದೇ ಎಳೆಯಾಗಿ ಬಿಚ್ಚಿತು. ಬಬಲೇಶ್ವರದ ನಲವತ್ತು ಎಕರೆ ಕರಿ ಭೂಮಿ ನೀಲಾಬಾಯಿಯ ತವರಿನದು, ಆಕೆಯ ಹೆಸರಿನಲ್ಲೇ ಇದ್ದದ್ದು. ಮಾರಲು ಆಕೆ ಒಪ್ಪುತ್ತಿಲ್ಲ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ದೊಡ್ಡಪ್ಪ, ತಮ್ಮನ ಮಗ ಕೂಡಿ ಹೂಡಿದ ಆಟ. ತಾರು ಹೆಣದ ದಿನ ಗೊತ್ತುಮಾಡಿತ್ತು. ರಾತ್ರಿ ಹೆಂಡತಿಯ ಹಾಲಿಗೆ ಔಷಧ ಬೆರೆಸುತ್ತಿದ್ದವನು ಸಾವಕಾರನೇ ಎಂದು ನೀಲಾಬಾಯಿ ಪೊಲೀಸರಿಗೆ ಕೊಟ್ಟ ಜಬಾಬಿನಲ್ಲೇ ಇತ್ತು. ಗಂಡನಿಗೊಂದು, ಹೆಂಡತಿಗೊಂದು, ಒಂದೇ ಅಚ್ಚಿನ ಎರಡು ಹಿತ್ತಾಳೆ ಲೋಟ. ಸಾವಕಾರನ ಕಣ್ಣಿಗೆ ಪೊರೆ ಬೇರೆ ಬಂದಿತ್ತು. ಲೋಟ ಅದಲುಬದಲಾಗಿದೆ. ತಾನು ತೋಡಿದ ಗುಂಡಿಗೆ ತಾನೇ ಬಿದ್ದಿದ್ದಾನೆ ಮುದುಕ!

ಹಾಗಾದರೆ ರಾಯಪ್ಪ ನಿರಪರಾಧಿ. ಎಂಟು ದಿನದ ಮೇಲೆ ಮೊದಲ ಸಲ ಅಂಬಾದಾಸನಿಗೆ ಉಸಿರು ತುಂಬ ಒಳಗೆ ಹೋಯಿತು.

ಆದರೆ ಆ ಉಸಿರು ಹೊರಗೆ ಬರುವಷ್ಟರಲ್ಲಿ ಇನ್ನೊಂದು ನೆನಪಾಯಿತು. ಮಣ್ಣಾದ ಮೂರನೇ ದಿನವೇ ಗುರಲಿಂಗಪ್ಪ ದೊಡ್ಡವ್ವನನ್ನು ಆರೈಕೆಗೆಂದು ಬಬಲೇಶ್ವರದ ತವರುಮನೆಗೆ ಕರೆದೊಯ್ದಿದ್ದ. ಎಂಥ ಗುಣವಂತ ಹುಡುಗ ಎಂದು ಊರು ಹೊಗಳಿತ್ತು. ನೀಲಾಬಾಯಿ ಈಗ ಅವನ ಕೈಯ ಹಾಲು ಕುಡಿಯುತ್ತಿದ್ದಾಳೆ.

"ಖಂಡಪ್ಪಾ!" ಎಂದು ಜೀಪಿನ ಬಳಿ ನಿಂತ ಪೇದೆಯನ್ನು ಕೂಗಿದ. "ಗಾಡಿ ತಗೊಂಡ ಬಬಲೇಶ್ವರಕ್ಕ ನಡಿ. ನೀಲಾಬಾಯಿಯವರ ಬಾಗಲದಾಗ ಕುಂಡ್ರು. ನಾ ಬರೂತನಾ ಆಕಿ ಬಾಯಿಗೆ ಒಂದ ಹನಿ ನೀರೂ ಗುರಲಿಂಗಪ್ಪನ ಕೈಯಿಂದ ಹೋಗಬಾರದು. ತಿಳೀತಿಲ್ಲೋ?"

ಜೀಪು ಧೂಳೆಬ್ಬಿಸಿ ಹೊರಟಿತು. ಅಂಬಾದಾಸ ಕಟ್ಟೆಯ ಮೇಲೆ ಕೂತು ನೋಟ್ ಬುಕ್ಕು ತೆರೆದ. ಅಯ್ಯನವರ ಜಬಾಬು ಒಂದು ಕೈಗೆ ಬಂದರೆ ಸಾಕು. ಗುರಲಿಂಗಪ್ಪನಿಗೆ ಬೇಡಿ, ರಾಯಪ್ಪನಿಗೆ ಬಿಡುಗಡೆ. ಇವತ್ತೇ ಸಂಜೆ ಪರಸವ್ವನಿಗೆ ಹೇಳಬಹುದು, ನಿನ್ನ ಗಂಡನನ್ನು ಕರೆದುಕೊಂಡು ಹೋಗು ಬೇ ಎಂದು. ಆ ಕೆನ್ನೆಗೆ ಹೊಡೆದದ್ದಕ್ಕೆ ಕೈ ಮುಗಿದು ಕೇಳಿಕೊಳ್ಳಲೂಬಹುದು.

ಬಸಲಿಂಗಯ್ಯ ಹೇಳುತ್ತ ಹೋದರು, ಅವನು ಬರೆಯುತ್ತ ಹೋದ. ತಾರು ಬಂದ ಹೊತ್ತು, ಸಾವಕಾರ ಆಡಿದ ಮಾತು, ಹಸಿರು ಸೀರೆ, ಬಿಳಿ ಧೋತರ. ಒಂದೂ ಬಿಡಲಿಲ್ಲ. ವಕೀಲರು ತೂತು ಹುಡುಕದ ಹಾಗೆ ಬರೆಯುವುದು ಅವನ ರೂಢಿ.

"ಬಿದಿರ ಇಳಿಸಿದಾಂವ ಯಾರು?"

"ರಾಯಪ್ಪ."

"ಅವಗ ಯಾತರ ಬಿದಿರಂತ ಗೊತ್ತಿತ್ತೇನು?"

"ಮೊದಲ ಗೊತ್ತಿದ್ದಿಲ್ರಿ. ಇಳಿಸಿದ ಮ್ಯಾಲೆ ಕೇಳಿದಾ, 'ಯಾರಿಗ್ರಿ ಅಯ್ಯಾರ?' ಅಂತ. ನಾ ಹೇಳಿದೆ. ನಿಮ್ಮ ಅವ್ವಾರಿಗೋ ತಮ್ಮಾ, ನಾಳೆ ಮುಂಜಾನಿ ಅಂತ ಸಾವಕಾರ್ರು ಹೇಳ್ಯಾರ ಅಂದೆ. ಸಾವಿನ ಹೊತ್ತು ಮೊದಲ ಗೊತ್ತಿರೂದು ಹೆಂಗ್ರಿ ಅಂದಾ. ಔಷಧ ಬದಲ ಮಾಡ್ಯಾರಂತ, ತಡಕೊಳ್ಳೂದಿಲ್ಲಂತ, ಅಂದೆ ನಾ."

ಪೆನ್ಸಿಲ್ ಕಾಗದದ ಮೇಲೆ ನಡೆಯುತ್ತಿತ್ತು. ಒಂದು ಸಾಲು ಮುಗಿಯುವ ಮೊದಲು ತಾನಾಗಿ ನಿಧಾನವಾಯಿತು.

"ಅದಕ್ಕ ಅಂವ ಏನಂದಾ?"

"ಏನೂ ಅನ್ನಲಿಲ್ರಿ. ಹಗ್ಗಾ ಸುತ್ತಿ ಬಂಡ್ಯಾಗ ಒಗದಾ. ಹಾಲ ಕಾಸೂ ಹೊತ್ತಾತು ಬರತೇನಂತ ಹೇಳಿ ಹ್ವಾದಾ."

ಅಂಗಳದಲ್ಲಿ ಬಿಸಿಲು ಹಾಗೇ ಬಿದ್ದಿತ್ತು. ಅಂಬಾದಾಸ ತಾನು ಬರೆದ ಎರಡು ಪುಟ ನೋಡಿದ. ಗುರಲಿಂಗಪ್ಪನನ್ನು ಹಿಡಿಯಲು ಈ ಕಾಗದ ಬೇಕು. ನೀಲಾಬಾಯಿ ಬದುಕಲು ಈ ಕಾಗದ ಬೇಕು. ಲೋಟ ತಾನಾಗಿ ಅದಲುಬದಲಾಗಿರಲಿಲ್ಲ ಎಂದು ಹೇಳುವ ಕಾಗದವೂ ಇದೇ.

"ಯಾಕ ನಿಂತ್ರಿ ಫೌಜದಾರ್ರ?" ಬಸಲಿಂಗಯ್ಯ ಹಗುರಾದ ದನಿಯಲ್ಲಿ ಕೇಳಿದರು. "ಅದನ್ನೂ ಬರಕೋರ್ರಿ. ನಾ ಸಹಿ ಹಾಕತೇನಿ."